ಉತ್ತರಾಧಿಕಾರದಲ್ಲಿ ಸ್ಥಿರಾಸ್ತಿಯ ಮೌಲ್ಯಮಾಪನ

ಮರಣ ಹೊಂದಿದ ವ್ಯಕ್ತಿಯು ಬಿಟ್ಟುಹೋದ ಮನೆ, ನಿವೇಶನ, ಜಮೀನು ಮೊದಲಾದವುಗಳ ಬೆಲೆಯನ್ನು ವಾರಸುದಾರರ ನಡುವಿನ ಹಂಚಿಕೆಗಾಗಿ ಇಲ್ಲವೆ ನ್ಯಾಯಾಲಯ ಮತ್ತು ತೆರಿಗೆ ಇಲಾಖೆಯ ಅಗತ್ಯಗಳಿಗಾಗಿ ನಿರ್ಧರಿಸುವ ಕ್ರಮವೇ ಉತ್ತರಾಧಿಕಾರದಲ್ಲಿನ ಸ್ಥಿರಾಸ್ತಿ ಮೌಲ್ಯಮಾಪನ. ಭಾರತದಲ್ಲಿ 1953ರ ಎಸ್ಟೇಟ್ ಡ್ಯೂಟಿ ಕಾಯಿದೆಯ ಮೇರೆಗೆ ಮೃತರ ಆಸ್ತಿಯ ಮೇಲೆ ಸುಂಕ ವಿಧಿಸಲಾಗುತ್ತಿತ್ತು. 1985ರ ಮಾರ್ಚ್ 16ರಿಂದ ಈಚಿನ ಮರಣಗಳಿಗೆ ಆ ಸುಂಕ ಅನ್ವಯಿಸುವುದಿಲ್ಲ. ಆದ್ದರಿಂದ ಆಸ್ತಿ ವಾರಸಾಗಿ ಬಂದ ಮಾತ್ರಕ್ಕೆ ಈಗ ತೆರಿಗೆಯಿಲ್ಲ. ಬೆಲೆ ಕಟ್ಟಿಸುವ ಅಗತ್ಯವು ಮುಖ್ಯವಾಗಿ ಪಾಲಿನ ವಿಷಯದಲ್ಲಿ ಬರುತ್ತದೆ.

ಎರಡು ಬೆಲೆಗಳು

ಕರ್ನಾಟಕದಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ಪ್ರದೇಶವಾರು ಮಾರ್ಗಸೂಚಿ ದರವನ್ನು ಪ್ರಕಟಿಸುತ್ತದೆ. ಇದರ ಉದ್ದೇಶ ಮುದ್ರಾಂಕ ಶುಲ್ಕದ ಲೆಕ್ಕವೇ ಹೊರತು ಆಸ್ತಿಯ ನಿಜವಾದ ಕ್ರಯವನ್ನು ಹೇಳುವುದಲ್ಲ. ಆದರೂ ಅನೇಕ ಕುಟುಂಬಗಳು ಇದನ್ನೇ ಆಧಾರವಾಗಿಟ್ಟುಕೊಂಡು ಪಾಲುಪಟ್ಟಿ ಬರೆಸುತ್ತವೆ. ಉದಾಹರಣೆಗೆ, ತಂದೆಯ ಮನೆಗೆ ಮಗ ಮತ್ತು ಮಗಳು ಸಮಾನ ಹಕ್ಕುದಾರರೆಂದು ಭಾವಿಸೋಣ. ಮಾರ್ಗಸೂಚಿ ದರದಂತೆ ಮನೆಯ ಬೆಲೆ 40 ಲಕ್ಷ ರೂಪಾಯಿ, ಮಾರುಕಟ್ಟೆಯಲ್ಲಿ 70 ಲಕ್ಷ. ಮನೆಯನ್ನು ಉಳಿಸಿಕೊಳ್ಳುವ ಅಣ್ಣ ತಂಗಿಗೆ 20 ಲಕ್ಷ ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರೆ ಆಕೆಗೆ 15 ಲಕ್ಷ ನಷ್ಟವಾಗುತ್ತದೆ. ಅರಿತು, ಒಪ್ಪಿ ಬಿಟ್ಟುಕೊಟ್ಟರೆ ಅದು ಅವರವರ ಮನಸ್ಸು. ಅರಿಯದೆ ರುಜು ಹಾಕುವುದು ಬೇರೆ ಮಾತು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ದೊರೆತಿದ್ದರೂ, ಬೆಲೆಯನ್ನು ಕಡಿಮೆ ಹಿಡಿದರೆ ಆ ಸಮಾನತೆ ಕಾಗದದಲ್ಲಷ್ಟೇ ಉಳಿಯುತ್ತದೆ.

ಬೆಲೆ ಕಟ್ಟುವ ಬಗೆ

ನೋಂದಾಯಿತ ಮೌಲ್ಯಮಾಪಕರು ಸ್ಥಳವನ್ನು ಕಣ್ಣಾರೆ ನೋಡಿ, ಅಳತೆ ಮಾಡಿ ವರದಿ ಕೊಡುತ್ತಾರೆ. ನಿವೇಶನಕ್ಕೆ ಅದೇ ಬಡಾವಣೆಯ ಇತ್ತೀಚಿನ ಕ್ರಯಗಳೊಡನೆ ಹೋಲಿಕೆ, ಬಾಡಿಗೆ ಕಟ್ಟಡಕ್ಕೆ ಅದರ ವರಮಾನ, ಹಳೆಯ ಮನೆಗೆ ಇಂದಿನ ನಿರ್ಮಾಣ ವೆಚ್ಚದಲ್ಲಿ ಸವಕಳಿಯನ್ನು ಕಳೆದ ಮೊತ್ತಕ್ಕೆ ನೆಲದ ಬೆಲೆ ಸೇರಿಸುವುದು ರೂಢಿಯ ವಿಧಾನಗಳು. ಕೃಷಿಭೂಮಿಯಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಪಹಣಿಯಲ್ಲಿ ಖುಷ್ಕಿ ಎಂದಿರುವ ಹೊಲದಲ್ಲಿ ಕೊಳವೆಬಾವಿ ತೆಗೆದು ಅಡಿಕೆ ಬೆಳೆದಿರಬಹುದು. ಒಂದೇ ಸರ್ವೆ ನಂಬರಿನಲ್ಲಿ ರಸ್ತೆ ಬದಿಯ ಎಕರೆಗೂ ಹಿಂದಿನ ಎಕರೆಗೂ ಅಜಗಜಾಂತರವಿರಬಹುದು. ಎಕರೆ ಲೆಕ್ಕದಲ್ಲಿ ಸಮಪಾಲು ಮಾಡಿದರೆ ಸಾಲದೆನ್ನುವುದು ಇದಕ್ಕೇ. ಸಾಲ, ಬಾಡಿಗೆದಾರರು, ದಾರಿಯ ತಕರಾರುಗಳು ಬೆಲೆಯನ್ನು ತಗ್ಗಿಸುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕರ್ನಾಟಕ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ.

ನ್ಯಾಯಾಲಯದಲ್ಲಿ

ಉಯಿಲಿಗೆ ಪ್ರೊಬೇಟ್ ಪಡೆದ ನಿರ್ವಾಹಕರು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 317ನೆಯ ಕಲಮಿನಂತೆ ಆರು ತಿಂಗಳೊಳಗೆ ಅಂದಾಜು ಸಹಿತ ಆಸ್ತಿಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕಪತ್ರವನ್ನೂ ಸಲ್ಲಿಸಬೇಕು. ವಿಭಾಗ ದಾವೆಯಲ್ಲಿ ನ್ಯಾಯಾಲಯ ನೇಮಿಸುವ ಕಮಿಷನರು ಪಾಲುಗಳ ಹೆಚ್ಚುಕಡಿಮೆಯನ್ನು ಹಣದಿಂದ ಸರಿದೂಗಿಸಲು ಸೂಚಿಸಬಹುದು. ಒಡೆಯಲಾಗದ ಮನೆಯನ್ನು ಮಾರಬೇಕೆಂದು ಅರ್ಧ ಅಥವಾ ಹೆಚ್ಚಿನ ಪಾಲುಳ್ಳವರು ಕೋರಿದಾಗ, ಉಳಿದವರು ನ್ಯಾಯಾಲಯ ಕಟ್ಟಿಸಿದ ಬೆಲೆಗೆ ಆ ಪಾಲನ್ನು ಕೊಳ್ಳಲು 1893ರ ವಿಭಾಗ ಕಾಯಿದೆ ಅವಕಾಶ ಕೊಟ್ಟಿದೆ.

ಮಾರಾಟದ ವೇಳೆ

ವಾರಸಾಗಿ ಬಂದ ಆಸ್ತಿಯನ್ನು ಮಾರಿದಾಗ ಬಂಡವಾಳ ಲಾಭದ ತೆರಿಗೆ ಬರುತ್ತದೆ. ಆಗ ಮರಣದ ದಿನದ ಬೆಲೆಯನ್ನಲ್ಲ, ಹಿಂದಿನ ಮಾಲೀಕರು ಕೊಂಡ ಬೆಲೆಯನ್ನು ಮೂಲವಾಗಿ ಹಿಡಿಯುತ್ತಾರೆ. ಆಸ್ತಿಯು 2001ರ ಏಪ್ರಿಲ್ 1ಕ್ಕೂ ಮೊದಲಿನದಾದರೆ ಆ ದಿನದ ಬೆಲೆಯನ್ನು ಆರಿಸಿಕೊಳ್ಳಬಹುದು. ಅದು ಆ ದಿನದ ಮುದ್ರಾಂಕ ಮೌಲ್ಯ ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ. ಹೀಗಾಗಿ ಹಳೆಯ ಮನೆ ಮಾರುವವರು ಇಂದಿನ ಬೆಲೆಯ ಜೊತೆಗೆ 2001ರ ಬೆಲೆಗೂ ಪ್ರತ್ಯೇಕ ವರದಿ ಮಾಡಿಸುವುದುಂಟು. ಅದಕ್ಕೆ ಮೂಲ ಕ್ರಯಪತ್ರ, ಕಟ್ಟಡದ ನಕ್ಷೆ, ಅಂದಿನ ಕಂದಾಯ ರಸೀದಿಗಳು ಬೇಕಾಗುತ್ತವೆ.