ಒಂದು ಸಾರಿ ‘ಸಾರಿ’ ಅಂದರೆ...

2008ರ ಫೆಬ್ರವರಿ 13, ಬುಧವಾರ ಬೆಳಿಗ್ಗೆ. ಪ್ರಧಾನಿ ಕೆವಿನ್ ರಡ್ ಕ್ಯಾನ್‌ಬೆರಾದ ಸಂಸತ್ತಿನಲ್ಲಿ ಎದ್ದು ನಿಂತು, ಹೆತ್ತವರಿಂದ ಕಿತ್ತೊಯ್ದ ಮೂಲನಿವಾಸಿ ಮಕ್ಕಳ ಕ್ಷಮೆ ಕೇಳಿದಾಗ ನಾನು ಪ್ಯಾರಮಟ್ಟಾದ ಆಫೀಸಿನಲ್ಲಿದ್ದೆ. ಸದಾ ಫುಟಿ, ಕ್ರಿಕೆಟ್ ಎಂದು ಗಲಾಟೆ ಮಾಡುವ ಸಹೋದ್ಯೋಗಿಯೊಬ್ಬ ಟಿವಿಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. ನಾನೋ, ಯಾರದೋ ಮನೆಯ ಜಗಳದ ನಡುವೆ ಸಿಕ್ಕಿಬಿದ್ದ ನೆಂಟನ ಹಾಗೆ ಕಾಫಿ ಲೋಟ ಹಿಡಿದು ನಿಂತಿದ್ದೆ.

ಸಂಜೆ ಶಾಲೆಯಿಂದ ಬಂದ ಮಗಳು ಕೇಳಿದಳು: “ಅಪ್ಪಾ, ನಾವೂ ಸಾರಿ ಹೇಳಬೇಕಾ?”

“ನಾವು ಬಂದು ಏಳು ವರ್ಷ ಆಯ್ತಷ್ಟೆ ಪುಟ್ಟಿ. ನಮಗೂ ಅದಕ್ಕೂ ಏನು ಸಂಬಂಧ?”

ಅಡುಗೆಮನೆಯಿಂದ ನನ್ನಾಕೆ, “ಈ ಮನೆ ಕಟ್ಟಿರೋ ಜಾಗ ಯಾರದ್ದಂತೆ?” ಅಂದಳು. “ಸದ್ಯಕ್ಕೆ ಬ್ಯಾಂಕಿನದು” ಎಂದು ಜಾರಿಕೊಂಡೆ.

ಆಮೇಲೆ ಓದತೊಡಗಿದೆ. 1997ರ ‘ಬ್ರಿಂಗಿಂಗ್ ದೆಮ್ ಹೋಮ್’ ವರದಿಯ ಪ್ರಕಾರ 1910ರಿಂದ 1970ರವರೆಗೆ ಹತ್ತರಿಂದ ಮೂರರಲ್ಲಿ ಒಂದರಷ್ಟು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಲಾಗಿತ್ತು. ಹಿಂದಿನ ಪ್ರಧಾನಿ ಜಾನ್ ಹೊವರ್ಡ್ 1999ರಲ್ಲಿ ‘ವಿಷಾದ’ದ ಠರಾವು ತಂದರೇ ಹೊರತು ಕ್ಷಮೆ ಕೇಳಲಿಲ್ಲ. ವಿಷಾದಕ್ಕೂ ಕ್ಷಮೆಗೂ ಇರುವ ದೂರವನ್ನು ನಮ್ಮ ಸರಕಾರಿ ಪತ್ರಗಳನ್ನು ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ!

ಕಥೆ ನಮ್ಮ ಪ್ಯಾರಮಟ್ಟಾದಲ್ಲೇ ಶುರುವಾದದ್ದು ನನಗೆ ಗೊತ್ತೇ ಇರಲಿಲ್ಲ. ಗವರ್ನರ್ ಮ್ಯಾಕ್ವಾರಿ ಮೂಲನಿವಾಸಿ ಮಕ್ಕಳಿಗಾಗಿ ‘ನೇಟಿವ್ ಇನ್‌ಸ್ಟಿಟ್ಯೂಷನ್’ ಎಂಬ ಶಾಲೆಯನ್ನು ಇಲ್ಲಿ 1815ರಲ್ಲಿ ತೆರೆದ. ಮಕ್ಕಳನ್ನು ಕೊಟ್ಟ ತಂದೆತಾಯಿಗೆ ಮತ್ತೆ ಮನೆಗೆ ಕರೆದೊಯ್ಯುವ ಹಕ್ಕಿರಲಿಲ್ಲ. ಅಲ್ಲಿ ಓದಿದ ಮರಿಯಾ ಎಂಬ ಹುಡುಗಿ 1819ರ ಪರೀಕ್ಷೆಯಲ್ಲಿ ಬಿಳಿಯರ ಮಕ್ಕಳನ್ನೂ ಹಿಂದೆ ಹಾಕಿ ಮೊದಲ ಬಹುಮಾನ ಪಡೆದಳು. ನಮ್ಮ ಮಕ್ಕಳ ಸೆಲೆಕ್ಟಿವ್ ಪರೀಕ್ಷೆಯ ಫಲಿತಾಂಶಕ್ಕೆ ಉಸಿರು ಬಿಗಿಹಿಡಿಯುವ ನಾವು ಅವಳ ಹೆಸರನ್ನಾದರೂ ತಿಳಿದಿರಬೇಡವೇ? 1831ರಲ್ಲಿ ಅದೇ ಮರಿಯಾ, ತೀರಿಹೋದ ಒಡಹುಟ್ಟಿದವನ ಭೂಮಿಗಾಗಿ ಗವರ್ನರಿಗೆ ಅರ್ಜಿ ಬರೆಯಬೇಕಾಯಿತು. ತನ್ನದೇ ನಾಡಿನ ನೆಲಕ್ಕೆ! 1823ರಲ್ಲಿ ಶಾಲೆ ಸ್ಥಳಾಂತರವಾದ ಜಾಗವೇ ‘ಬ್ಲ್ಯಾಕ್ ಟೌನ್’. ನಮ್ಮವರೆಷ್ಟೋ ಜನ ಮನೆ ಕೊಂಡಿರುವ ಬ್ಲ್ಯಾಕ್‌ಟೌನಿಗೆ ಹೆಸರು ಬಂದದ್ದು ಹೀಗೆ.

ನಮ್ಮಂಥವರ ಕ್ಷಮೆ ಕೇಳಿದ ಸರಕಾರಗಳೂ ಇವೆ. 1914ರಲ್ಲಿ ಕೊಮಗಾಟ ಮಾರು ಹಡಗಿನ ಭಾರತೀಯರನ್ನು ಹಿಂದಕ್ಕಟ್ಟಿದ್ದಕ್ಕೆ ಕೆನಡಾ ಪ್ರಧಾನಿ ಟ್ರೂಡೊ 2016ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ಹಿಂದೆ ಚೀನೀಯರ ಮೇಲೆ ತಲೆಗಂದಾಯ ಹೇರಿದ್ದಕ್ಕೆ 2017ರಲ್ಲಿ ಮೆಲ್ಬರ್ನ್‌ನಲ್ಲಿ ವಿಕ್ಟೋರಿಯಾದ ಪ್ರೀಮಿಯರ್ ಕೇಳಿದರು. ಓದುವಾಗ ಖುಷಿಯಾಯಿತು. ಕೇಳಿಸಿಕೊಳ್ಳುವ ಕಡೆ ಕೂತಾಗ ಎಲ್ಲವೂ ಎಷ್ಟು ಸ್ಪಷ್ಟ!

ಆದರೆ ಕಳೆದ ವರ್ಷ ಊರಿಗೆ ಹೋದಾಗ ಮಗಳು ಹಿತ್ತಲಿನ ಕಲ್ಲು ತೋರಿಸಿ “ಇದೇನಪ್ಪಾ?” ಅಂದಳು. ಗದ್ದೆ ಕೆಲಸಕ್ಕೆ ಬರುತ್ತಿದ್ದವರು ಅಲ್ಲಿಯೇ ನಿಲ್ಲಬೇಕಿತ್ತು. ಅಜ್ಜಿ ಮೇಲಿನಿಂದ ನೀರು ಹೊಯ್ದರೆ ಬೊಗಸೆಯಲ್ಲಿ ಕುಡಿಯುತ್ತಿದ್ದರು. ಎಷ್ಟೋ ಸಲ ಹೊಯ್ದವನು ನಾನೇ.

“ಅವರಿಗೆ ಯಾರಾದ್ರೂ ಸಾರಿ ಹೇಳಿದ್ರಾ?”

ಅವರಲ್ಲೊಬ್ಬರ ಮಗ ಈಗ ಊರಲ್ಲೇ ಮೇಷ್ಟ್ರು. ಮರುದಿನ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಸಿಡ್ನಿಯ ಮಳೆ-ಬೆಳೆ ವಿಚಾರಿಸಿದರು, ಗೇಟಿನವರೆಗೆ ಬಂದು ಕಳಿಸಿಕೊಟ್ಟರು. ‘ತಪ್ಪಾಯ್ತು’ ಎಂಬ ಮೂರಕ್ಷರ ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ. ಈ ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋಗುತ್ತಿದ್ದೇವೆ.