ಆ ತೊಂಬತ್ತೆಂಟು ಕಿಲೋಮೀಟರ್ ಎಲ್ಲಿ ಹೋಯಿತು?

ನನ್ನ ಮಾಮು ಡ್ರೈವರ್. ದಾವಣಗೆರೆಯ ಒಬ್ಬ ಸಾಹುಕಾರರ ಕಾರು ಓಡಿಸುತ್ತಾರೆ. ಭರಮಸಾಗರದಿಂದ ಬೆಳಗಿನ ಬಸ್ಸಿಗೆ ಹೋದರೆ ಎಷ್ಟೋ ದಿನ ರಾತ್ರಿಯೇ ಮನೆಗೆ ಬರುವುದು. ಕಳೆದ ವರ್ಷ ಸಾಹುಕಾರರು ಹಳೆಯ ಡೀಸೆಲ್ ಕಾರು ಮಾರಿ ಹೈಬ್ರಿಡ್ ಕಾರು ಕೊಂಡರು. ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ ಮತ್ತು ವಿದ್ಯುತ್ ಮೋಟಾರ್ ಕೂಡ ಇರುವ ಕಾರು ಅದು. ಬಂದ ಮೊದಲ ತಿಂಗಳು ಮಾಮು ಅದನ್ನು ಹೊಗಳಿದ್ದೇ ಹೊಗಳಿದ್ದು. ಎರಡನೇ ತಿಂಗಳು ಅದೇ ಕಾರಿನಿಂದ ಅವರ ಕೆಲಸಕ್ಕೆ ಕುತ್ತು ಬಂತು.

ನಡೆದದ್ದು ಇಷ್ಟು. ಒಂದು ಸಂಜೆ ಸಾಹುಕಾರರು ತಾವೇ ಎದುರಿಗೆ ನಿಂತು ಟ್ಯಾಂಕ್ ಪೂರ್ತಿ ತುಂಬಿಸಿದರು. ಪರದೆಯ ಮೇಲೆ 'ಇನ್ನು 880 ಕಿ.ಮೀ. ಓಡುತ್ತದೆ' ಎಂದು ಬಂತು. ಅವರು ಬೇರೆಯವರ ಕಾರಿನಲ್ಲಿ ಹಿರಿಯೂರಿಗೆ ಹೋದರು. ಮರುದಿನ ಮಾಮು ಒಬ್ಬರೇ ಕಾರು ತೆಗೆದುಕೊಂಡು ಅವರನ್ನು ಕರೆತರಲು ಹೋದರು. ಮೀಟರಿನ ಪ್ರಕಾರ ಓಡಿದ್ದು ಸರಿಯಾಗಿ 100 ಕಿ.ಮೀ. ಸಾಹುಕಾರರು ಹತ್ತಿ ಕುಳಿತು ಪರದೆ ನೋಡಿದರು. 682 ಎಂದಿತ್ತು.

"ಸಾಬ್ರೇ, ನೂರು ಕಿಲೋಮೀಟ್ರು ಓಡ್ಸಿದೀರಿ. ನೂರಾ ತೊಂಬತ್ತೆಂಟು ಕಮ್ಮಿ ಆಗೈತೆ. ಉಳಿದ ತೊಂಬತ್ತೆಂಟು ಎಲ್ಲೋಯ್ತು?"

ಮಾಮು ಬಳಿ ಉತ್ತರ ಇರಲಿಲ್ಲ. 98 ಕಿ.ಮೀ. ಎಂದರೆ ಆ ಕಾರಿನ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಲೀಟರ್ ಪೆಟ್ರೋಲು. ದುಡ್ಡಿನಲ್ಲಿ ನಾನೂರೈವತ್ತು ರೂಪಾಯಿ ದಾಟುತ್ತದೆ. ಸಾಹುಕಾರರು ಕಳ್ಳತನ ಎಂಬ ಮಾತು ಆಡಲಿಲ್ಲ. ಆದರೆ ಅಂದಿನಿಂದ ಕಾರಿನ ಬೀಗದ ಕೈ ಮಾಮು ಹತ್ತಿರ ಬಿಡುವುದನ್ನು ನಿಲ್ಲಿಸಿದರು. ಹನ್ನೊಂದು ವರ್ಷ ದುಡಿದ ಮನುಷ್ಯ ಆ ರಾತ್ರಿ ಊಟ ಮಾಡದೆ ಮಲಗಿದರು. ನಾನು ಇಲ್ಲಿ ಸುಳ್ಳು ಬರೆಯಬಾರದು: ಆ ರಾತ್ರಿ ಒಂದು ಗಳಿಗೆ ನನಗೂ ಅನುಮಾನ ಬಂದಿತ್ತು. ಪರದೆಯ ಮೇಲಿನ ಅಂಕಿ ಸುಳ್ಳು ಹೇಳುತ್ತದೆಯೇ?

ಮರುದಿನ ಇದನ್ನು ನಮ್ಮ ಭೌತಶಾಸ್ತ್ರದ ಉಪನ್ಯಾಸಕರ ಮುಂದೆ ಇಟ್ಟೆ. ಅವರು ಹೇಳಿದರು: "ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡು. ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದು ಒಂದು. ಇದ್ದದ್ದು ಎಷ್ಟು ದೂರ ಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಅಳತೆ, ಎರಡನೆಯದು ಅಂದಾಜು." ಈ ಲೇಖನದ ಉಳಿದ ಭಾಗವೆಲ್ಲ ಆ ಒಂದು ಮಾತಿನ ವಿವರಣೆ.

ಟ್ಯಾಂಕಿನಲ್ಲಿ ಎಷ್ಟಿದೆ?

ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಇರುತ್ತದೆ. ಅದಕ್ಕೆ ಒಂದು ತೆಳುವಾದ ಕಡ್ಡಿ. ಪೆಟ್ರೋಲಿನ ಮಟ್ಟ ಇಳಿದಂತೆ ಬುರುಡೆ ಇಳಿಯುತ್ತದೆ, ಕಡ್ಡಿಯ ಇನ್ನೊಂದು ತುದಿ ಒಂದು ರೋಧಕದ ಪಟ್ಟಿಯ ಮೇಲೆ ಜಾರುತ್ತದೆ. ರೋಧ ಬದಲಾದರೆ ವೋಲ್ಟೇಜ್ ಬದಲಾಗುತ್ತದೆ. ದ್ವಿತೀಯ ಪಿಯುಸಿಯ ವಿದ್ಯುತ್ ಪ್ರವಾಹದ ಪಾಠದಲ್ಲಿ ನಾವು ಓದುವ ರೋಧಕಗಳ ಕೆಲಸವೇ ಇದು. ಕಾರಿನ ಕಂಪ್ಯೂಟರ್ ಆ ವೋಲ್ಟೇಜನ್ನು ಓದಿ ಪರದೆಯ ಮೇಲೆ ಗೆರೆಗಳನ್ನು ತೋರಿಸುತ್ತದೆ.

ಗಮನಿಸಿ: ಬುರುಡೆ ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ಎತ್ತರ ಅರ್ಧ ಆದರೆ ಪೆಟ್ರೋಲೂ ಅರ್ಧ ಎನ್ನುವಂತಿಲ್ಲ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ನಾವು ಮಾರಿಕಣಿವೆ ಎನ್ನುವ ಜಲಾಶಯ, ತುಂಬಿದಾಗ 130 ಅಡಿ. ಆಗ ಅದರಲ್ಲಿ ಸುಮಾರು 30 ಟಿಎಂಸಿ ನೀರು. 2022ರಲ್ಲಿ ಅದು ಕೋಡಿ ಬಿದ್ದಾಗ ನೋಡಲು ಜನ ಸಾಲುಗಟ್ಟಿದ್ದು ನೆನಪಿರಬಹುದು. ಮಟ್ಟ 65 ಅಡಿಗೆ ಇಳಿದಾಗ 15 ಟಿಎಂಸಿ ಉಳಿದಿರುತ್ತದೆಯೇ? ಇಲ್ಲ. ಅದಕ್ಕಿಂತ ಬಹಳ ಕಡಿಮೆ. ಜಲಾಶಯದ ಬಾಯಿ ಅಗಲ, ತಳ ಕಿರಿದು. ಮೇಲಿನ ಒಂದು ಅಡಿಯಲ್ಲಿರುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಇರುವುದಿಲ್ಲ. ತೀರಾ ತಳದ ನೀರು ತೂಬಿಗೂ ಎಟುಕುವುದಿಲ್ಲ.

ಕಾರಿನ ಟ್ಯಾಂಕೂ ಹಾಗೆಯೇ. ಹಿಂದಿನ ಸೀಟಿನ ಕೆಳಗೆ, ಹೊಗೆ ಕೊಳವೆ, ಚಕ್ರದ ಸರಳುಗಳ ನಡುವೆ ಉಳಿದ ಜಾಗದಲ್ಲಿ ಅದನ್ನು ಕೂರಿಸಬೇಕು. ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿಗೂ ಜಾಗ ಬಿಡಬೇಕು. ಹಾಗಾಗಿ ಟ್ಯಾಂಕು ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಕಂಪನಿಯವರು ಈ ಆಕಾರವನ್ನು ಕಂಪ್ಯೂಟರಿಗೆ ಕಲಿಸಿರುತ್ತಾರೆ, ಆದರೂ ಪೂರ್ತಿ ನಿಖರತೆ ಬರುವುದಿಲ್ಲ.

ಇದಲ್ಲದೆ ಇನ್ನೂ ಕೆಲವು ಕಾರಣಗಳಿವೆ.

ಬುರುಡೆ ಟ್ಯಾಂಕಿನ ಮೇಲ್ಭಾಗಕ್ಕೆ ತಾಗಿದ ಮೇಲೂ ಸ್ವಲ್ಪ ಪೆಟ್ರೋಲು ಹಿಡಿಯುತ್ತದೆ. ಆ ಪೆಟ್ರೋಲು ಖರ್ಚಾಗುವವರೆಗೆ ಬುರುಡೆ ಅಲುಗುವುದಿಲ್ಲ. ಆದ್ದರಿಂದ ಮೊದಲ ಗೆರೆ ತಡವಾಗಿ ಇಳಿಯುತ್ತದೆ, ಮುಂದಿನವು ಬೇಗ ಬೇಗ ಇಳಿದಂತೆ ಕಾಣುತ್ತವೆ. ನಾವು ಗುರುತು ಹಾಕಿಕೊಂಡಾಗ ಮೊದಲ ಗೆರೆ ಇಳಿದದ್ದು 131 ಕಿ.ಮೀ.ಗೆ, ಎರಡನೆಯದು ಮತ್ತೆ 92ಕ್ಕೆ, ಮೂರನೆಯದು 88ಕ್ಕೆ.

ರಸ್ತೆಯ ಉಬ್ಬು, ತಿರುವುಗಳಲ್ಲಿ ಪೆಟ್ರೋಲು ತುಳುಕಾಡುತ್ತದೆ. ಕ್ಷಣಕ್ಕೊಂದು ಅಂಕಿ ತೋರಿಸಿದರೆ ಓದುವುದು ಹೇಗೆ? ಅದಕ್ಕೇ ಕಂಪ್ಯೂಟರ್ ಕೆಲವು ನಿಮಿಷಗಳ ಸರಾಸರಿ ತೆಗೆದು ನಿಧಾನವಾಗಿ ತೋರಿಸುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಗೆರೆ ಹೆಚ್ಚೋ ಕಡಿಮೆಯೋ ಆಗುತ್ತದೆ.

ಬಿಸಿಲಿಗೂ ಪಾಲಿದೆ. ಬಂಕಿನ ನೆಲದಡಿಯ ಟ್ಯಾಂಕು ತಂಪಾಗಿರುತ್ತದೆ, ಕಾರಿನ ಟ್ಯಾಂಕು ಕಾಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಪೆಟ್ರೋಲು ಸುಮಾರು ಶೇ. 1ರಷ್ಟು ಹಿಗ್ಗುತ್ತದೆ. 40 ಲೀಟರಿಗೆ ಅದು 400 ಮಿಲಿಲೀಟರ್.

ಇದು ನಮ್ಮೂರಿನ ತೊಂದರೆ ಮಾತ್ರವಲ್ಲ. ಹೈಬ್ರಿಡ್ ಕಾರುಗಳಿಗೆ ದಾರಿ ಮಾಡಿದ ಟೊಯೋಟ ಪ್ರಿಯಸ್ 1997ರಲ್ಲಿ ಜಪಾನಿನಲ್ಲಿ ಬಂತು. ಅದರ ಎರಡನೇ ತಲೆಮಾರಿನ ಕಾರುಗಳಲ್ಲಿ, ಅಮೆರಿಕದಲ್ಲಿ ಮಾರಿದವಕ್ಕೆ, ಟ್ಯಾಂಕಿನೊಳಗೆ ಹಿಗ್ಗಿ ಕುಗ್ಗುವ ಚೀಲ ಇಟ್ಟಿದ್ದರು. ಪೆಟ್ರೋಲಿನ ಆವಿ ಹೊರಹೋಗಿ ಗಾಳಿ ಕೆಡದಿರಲಿ ಎಂಬುದು ಉದ್ದೇಶ. ಆದರೆ ಚಳಿಯಲ್ಲಿ ಚೀಲ ಬಿಗಿಯಾಗಿ ಕಡಿಮೆ ಪೆಟ್ರೋಲು ಹಿಡಿಯುತ್ತಿತ್ತು, ಪರದೆಯ ಗೆರೆಯನ್ನು ನಂಬುವುದು ಕಷ್ಟವಾಗುತ್ತಿತ್ತು.

ಎಷ್ಟು ದೂರ ಹೋಗುತ್ತದೆ?

ಈಗ ಆ 880ಕ್ಕೆ ಬರೋಣ. ಕಾರು ಈ ಅಂಕಿಯನ್ನು ಒಂದು ಗುಣಾಕಾರದಿಂದ ಪಡೆಯುತ್ತದೆ: ಉಳಿದಿರುವ ಪೆಟ್ರೋಲು × ಇತ್ತೀಚಿನ ಮೈಲೇಜ್. 'ಇತ್ತೀಚಿನ' ಎಂಬ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ.

ಅದಕ್ಕೂ ಹಿಂದಿನ ಎರಡು ವಾರ ಕಾರು ದಾವಣಗೆರೆ ಪೇಟೆಯೊಳಗೇ ಓಡಾಡಿತ್ತು. ಹೈಬ್ರಿಡ್ ಕಾರಿಗೆ ಪೇಟೆ ಎಂದರೆ ಹಬ್ಬ. ಸಿಗ್ನಲಿನಲ್ಲಿ ಎಂಜಿನ್ ನಿಲ್ಲುತ್ತದೆ. ನಿಧಾನವಾಗಿ ಹೋಗುವಾಗ ಮೋಟಾರೇ ಎಳೆಯುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟಾರ್ ಜನರೇಟರ್ ಆಗಿ, ಬೇರೆ ಕಾರಿನಲ್ಲಿ ಬಿಸಿಯಾಗಿ ಹಾಳಾಗುವ ಚಲನಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಹೀಗಾಗಿ ಆ ದಿನಗಳಲ್ಲಿ ಮೈಲೇಜ್ ಲೀಟರಿಗೆ 22 ಕಿ.ಮೀ. ಇತ್ತು. ಟ್ಯಾಂಕ್ 45 ಲೀಟರಿನದು. ಅದರಲ್ಲಿ ತಳದ 5 ಲೀಟರನ್ನು ಕಂಪ್ಯೂಟರ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದುಕೊಳ್ಳೋಣ. 40 × 22 = 880.

ಮರುದಿನ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬ್ರೇಕ್ ಒತ್ತುವ ಸಂದರ್ಭವೇ ಕಡಿಮೆ, ಹಾಗಾಗಿ ಮರಳಿ ತುಂಬುವ ಶಕ್ತಿಯೂ ಕಡಿಮೆ. ಎಂಜಿನ್ ಹೆಚ್ಚು ಹೊತ್ತು ಓಡುತ್ತಲೇ ಇರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 60ರಿಂದ 100 ಕಿ.ಮೀ. ವೇಗಕ್ಕೆ ಹೋದರೆ ತಡೆ ಸುಮಾರು 2.8 ಪಟ್ಟು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಎದುರುಗಾಳಿ ಇದ್ದರೆ ಇನ್ನೂ ಕಷ್ಟ. ಅಂದು ಮೈಲೇಜ್ 17ಕ್ಕೆ ಇಳಿಯಿತು ಎನ್ನೋಣ. 100 ಕಿ.ಮೀ.ಗೆ 5.9 ಲೀಟರ್ ಖರ್ಚು. ಉಳಿದದ್ದು 34.1 ಲೀಟರ್. ಹೊಸ ಓಟವನ್ನು ನೋಡಿ ಕಂಪ್ಯೂಟರ್ ತನ್ನ 'ಇತ್ತೀಚಿನ ಮೈಲೇಜ್' ಅನ್ನು 22ರಿಂದ 20ಕ್ಕೆ ಇಳಿಸಿತು. 34.1 × 20 = 682.

ಅಂಕಿ ಅಲ್ಲೇ ಸಿಕ್ಕಿತು. 98 ಕಿ.ಮೀ.ಯ ಪೆಟ್ರೋಲನ್ನು ಯಾರೂ ತೆಗೆದಿರಲಿಲ್ಲ. ಅದು ಟ್ಯಾಂಕಿನಲ್ಲಿ ಇರಲೇ ಇಲ್ಲ. ಹಿಂದಿನ ರಾತ್ರಿಯ ಅಂದಾಜಿನಲ್ಲಿ ಮಾತ್ರ ಇತ್ತು.

ಎಲ್ಲ ಕಾರುಗಳಲ್ಲೂ ಈ ಅಂದಾಜು ಏರುಪೇರಾಗುತ್ತದೆ. ಆದರೆ ಹೈಬ್ರಿಡ್‌ನಲ್ಲಿ ಹೆದ್ದಾರಿಗಿಂತ ಪೇಟೆಯಲ್ಲೇ ಮೈಲೇಜ್ ಹೆಚ್ಚು ಬರಬಹುದು. ಇದು ನಮಗೆ ರೂಢಿಯಾಗಿರುವುದಕ್ಕೆ ಉಲ್ಟಾ. ಹಳೆಯ ಡೀಸೆಲ್ ಕಾರಿನ ಲೆಕ್ಕದಲ್ಲೇ ಇದ್ದ ಸಾಹುಕಾರರಿಗೆ, ಹೆದ್ದಾರಿಯಲ್ಲಿ ಹೋಗಿ ಬಂದ ಕಾರು ಹೆಚ್ಚು ಕುಡಿದಿದೆ ಎಂದರೆ ಕದ್ದಂತೆ ಕಂಡದ್ದು ಸಹಜ. ಜಾಹೀರಾತಿನ ಅಂಕಿಯೂ ಗೊಂದಲ ಮಾಡುತ್ತದೆ. ನಮ್ಮ ರಾಜ್ಯದ ಬಿಡದಿಯಲ್ಲೇ ತಯಾರಾಗುವ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಕಾರುಗಳ ಹೈಬ್ರಿಡ್ ಮಾದರಿಗೆ 2022ರಲ್ಲಿ ಘೋಷಿಸಿದ ಮೈಲೇಜ್ 27.97. ಅದು ಪ್ರಯೋಗಾಲಯದ ಉರುಳೆಗಳ ಮೇಲೆ, ನಿಗದಿತ ವೇಗಗಳಲ್ಲಿ ಓಡಿಸಿ ಪಡೆದದ್ದು. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಅದು ಸರಿ. ಡ್ರೈವರನ್ನು ಅದರ ಜೊತೆ ಹೋಲಿಸುವುದು ಸರಿಯಲ್ಲ.

ನಾವು ಮಾಡಿದ ಪರೀಕ್ಷೆ

ಸಾಹುಕಾರರಿಗೆ ಸೂತ್ರ ಹೇಳಿ ಒಪ್ಪಿಸಲು ಆಗುವುದಿಲ್ಲ. ಅವರಿಗೆ ಬೇಕಾದದ್ದು ಲೆಕ್ಕ. ಉಪನ್ಯಾಸಕರು ಹೇಳಿಕೊಟ್ಟ ವಿಧಾನ ಸುಲಭ. ಒಂದೇ ಬಂಕು, ಸಮತಟ್ಟಾದ ಅದೇ ಜಾಗ. ಪೈಪು ತಾನಾಗಿ ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸಬೇಕು, ಮೇಲೆ ಸುರಿಯಬಾರದು. ಪ್ರತಿ ಸಲ ಪೂರ್ತಿ ತುಂಬಿಸಿ, ಓಡಿದ ಕಿ.ಮೀ. ಮತ್ತು ಹಿಡಿದ ಲೀಟರ್ ಬರೆದು ಬಿಲ್ಲು ಅಂಟಿಸಬೇಕು. ಗೆರೆಯನ್ನೂ 'ಇನ್ನು ಇಷ್ಟು ಓಡುತ್ತದೆ' ಎಂಬುದನ್ನೂ ನೋಡಬೇಕಾಗಿಲ್ಲ.

ಬಂಕಿನ ಮೇಲೂ ಅನುಮಾನ ಬೇಡವೆಂದು ಮೊದಲು 5 ಲೀಟರಿನ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಿದೆವು. ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ ಈ ಪಾತ್ರೆ ಇರಬೇಕು, ಕೇಳುವ ಹಕ್ಕು ಗ್ರಾಹಕರಿಗಿದೆ. 5 ಲೀಟರಿಗೆ 25 ಮಿಲಿಲೀಟರ್‌ವರೆಗೆ ವ್ಯತ್ಯಾಸಕ್ಕೆ ಮಾತ್ರ ಅವಕಾಶ. ಅಲ್ಲಿ ಸರಿಯಾಗಿಯೇ ಇತ್ತು.

ಮೂರು ಸಲದ ಲೆಕ್ಕ ಹೀಗೆ ಬಂತು. ಮೊದಲ ಸಲ, ಮಾಮು ಹೆಚ್ಚಾಗಿ ಒಬ್ಬರೇ ಹೆದ್ದಾರಿಯಲ್ಲಿ ಓಡಿಸಿದ್ದು: 412 ಕಿ.ಮೀ., 23.6 ಲೀಟರ್, ಅಂದರೆ 17.5. ಎರಡನೆಯದು ಪೇಟೆಯೊಳಗೆ: 286 ಕಿ.ಮೀ., 12.9 ಲೀಟರ್, ಅಂದರೆ 22.2. ಮೂರನೆಯದು ದೂರದ ಊರಿಗೆ ಹೋಗಿ ಬಂದದ್ದು, ಪೂರ್ತಿ ದಾರಿ ಸಾಹುಕಾರರು ಕಾರಿನಲ್ಲೇ ಇದ್ದರು: 447 ಕಿ.ಮೀ., 25.1 ಲೀಟರ್, ಅಂದರೆ 17.8.

ಗೆಳೆಯರಿಗೆ ಒಂದು ಎಚ್ಚರಿಕೆ. ಒಟ್ಟು ಮೈಲೇಜ್ ಬೇಕೆಂದು 17.5, 22.2, 17.8 ಕೂಡಿ ಮೂರರಿಂದ ಭಾಗಿಸಬೇಡಿ. ನಾನು ಮೊದಲು ಅದೇ ತಪ್ಪು ಮಾಡಿ 19.2 ಪಡೆದೆ. ಒಟ್ಟು ದೂರ 1145ನ್ನು ಒಟ್ಟು ಲೀಟರ್ 61.6ರಿಂದ ಭಾಗಿಸಬೇಕು. ಸರಿಯಾದ ಉತ್ತರ 18.6. ಕಾರಿನ ಪರದೆ ಇದೇ ಅವಧಿಗೆ 19.4 ತೋರಿಸಿತ್ತು, ಅಂದರೆ ಸುಮಾರು ಶೇ. 4 ಹೆಚ್ಚು.

ಖಾಲಿ ಆಗಲು ಬಿಡಬೇಡಿ

ಅಂದಾಜನ್ನು ನಂಬಿ ಕೊನೆಯ ಹನಿಯವರೆಗೆ ಓಡಿಸುವವರಿಗೆ ಒಂದು ಮಾತು. "ಪೆಟ್ರೋಲ್ ಮುಗಿದರೆ ಬ್ಯಾಟರಿ ಇದೆಯಲ್ಲ" ಎನ್ನುವವರಿದ್ದಾರೆ. ನಾನು ಮೇಲೆ ಹೇಳಿದ ಹೈರೈಡರ್‌ನ ಬ್ಯಾಟರಿ 0.76 ಯೂನಿಟ್, ನಮ್ಮ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ಟೂ ಇಲ್ಲ. ಸ್ವಲ್ಪ ದೂರದಲ್ಲೇ ಅದೂ ಮುಗಿಯುತ್ತದೆ. ಇಂಥ ಕಾರುಗಳಲ್ಲಿ ಎಂಜಿನ್ನನ್ನು ಎಬ್ಬಿಸುವುದೂ ಅದೇ ಬ್ಯಾಟರಿ. ಅದು ಪೂರ್ತಿ ಬತ್ತಿದರೆ, ಕ್ಯಾನಿನಲ್ಲಿ ಪೆಟ್ರೋಲ್ ತಂದು ಹಾಕಿದರೂ ಕಾರು ಏಳದಿರಬಹುದು. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ. ಕಾಲು ಭಾಗಕ್ಕೆ ಇಳಿದಾಗಲೇ ತುಂಬಿಸುವುದು ಲೇಸು.

ನೋಟುಬುಕ್ಕನ್ನು ಮಾಮು ಸಾಹುಕಾರರ ಮುಂದೆ ಇಟ್ಟರು. ನಾನೂ ಜೊತೆಗೆ ಹೋಗಿದ್ದೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಸಾಲು ಮತ್ತು ಮೂರನೇ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ತಾವು ಇಲ್ಲದಾಗ 17.5, ತಾವು ಕೂತಿದ್ದಾಗ 17.8. ಮಾಮು ಏನೂ ವಿವರಿಸಲಿಲ್ಲ. ಕೊನೆಗೆ ಸಾಹುಕಾರರು ನನ್ನ ಕಡೆ ತಿರುಗಿ, "ಆ ಎಂಟುನೂರ ಎಂಬತ್ತರ ಲೆಕ್ಕ ಇನ್ನೊಂದ್ಸಲ ಹೇಳಪ್ಪ" ಎಂದರು. ಹೇಳಿದೆ. ಕ್ಷಮೆ ಕೇಳಲಿಲ್ಲ, ಹೊರಡುವಾಗ ಬೀಗದ ಕೈಯನ್ನು ಮೇಜಿನ ಮೇಲಿಂದ ತೆಗೆದು ಮಾಮು ಕೈಗೆ ಕೊಟ್ಟರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ, ಆ ರಾತ್ರಿ ನನಗೂ ಅನುಮಾನ ಬಂದಿತ್ತೆಂದು ಮಾಮುಗೆ ಹೇಳಿಬಿಟ್ಟೆ. ಅವರು ಕಿಟಕಿಯಾಚೆ ನೋಡುತ್ತಾ, "ಗೊತ್ತಿತ್ತು ಬೇಟಾ. ಅದಕ್ಕೇ ಲೆಕ್ಕ ನಿನ್ನ ಕೈಲೇ ಬರೆಸಿದ್ದು" ಎಂದರು. ಆ ನೋಟುಬುಕ್ಕು ಈಗಲೂ ಕಾರಿನಲ್ಲಿದೆ. ಈಗ ಅದರಲ್ಲಿ ಕೆಲವು ಸಾಲು ಸಾಹುಕಾರರ ಕೈಬರಹದಲ್ಲೂ ಇವೆ.