ಗೋಡೆಯ ಮೇಲಿನ ಬೋಧನೆ: ಫ್ರಾ ಆಂಜೆಲಿಕೊ ಅವರ ಚಿತ್ರಗಳು

ಪವಿತ್ರ ಕಲೆಯ ವಿಚಾರ ಬಂದಾಗ ಫ್ರಾ ಆಂಜೆಲಿಕೊ ಅವರ ಭಕ್ತಿಯನ್ನು ಕೊಂಡಾಡುವುದು ವಾಡಿಕೆ. ಪ್ರಾರ್ಥಿಸದೆ ಅವರು ಕುಂಚ ಹಿಡಿಯುತ್ತಿರಲಿಲ್ಲ, ಶಿಲುಬೆಯ ಮೇಲಿನ ಕ್ರಿಸ್ತರನ್ನು ಚಿತ್ರಿಸುವಾಗಲೆಲ್ಲ ಕಣ್ಣೀರು ಸುರಿಸುತ್ತಿದ್ದರು ಎಂದು ಜಾರ್ಜೊ ವಸಾರಿ ಬರೆದಿದ್ದಾನೆ. ಆದರೆ ವಸಾರಿಯ ಗ್ರಂಥ ಪ್ರಕಟವಾದದ್ದು 1550ರಲ್ಲಿ, ಅಂದರೆ ಕಲಾವಿದರು ನಿಧನರಾಗಿ 95 ವರ್ಷಗಳ ತರುವಾಯ. ಆದ್ದರಿಂದ ಅವರ ಅಧ್ಯಾತ್ಮವನ್ನು ಅರಿಯಲು ಈ ಕಥೆಗಳಿಗಿಂತ ಅವರು ಚಿತ್ರಿಸಿದ ಗೋಡೆಗಳೇ ಹೆಚ್ಚು ವಿಶ್ವಾಸಾರ್ಹ ಆಧಾರಗಳು.

ಅವರ ಮೂಲ ಹೆಸರು ಗುಯಿದೊ ದಿ ಪಿಯೆತ್ರೊ. ಫ್ಲಾರೆನ್ಸ್ ನಗರದ ಉತ್ತರಕ್ಕಿರುವ ಮುಜೆಲ್ಲೊ ಪ್ರದೇಶ ಅವರ ಹುಟ್ಟೂರಿನ ಸೀಮೆ. 1417ರ ದಾಖಲೆಯೊಂದು ಅವರನ್ನು ಚಿತ್ರಕಾರನೆಂದೇ ಹೆಸರಿಸುತ್ತದೆ; 1423ರ ವೇಳೆಗೆ ಅವರು ಫಿಯೆಸೊಲೆಯ ದೊಮಿನಿಕರ ಮಠದಲ್ಲಿ ಸಹೋದರ ಜೊವಾನ್ನಿ ಆಗಿದ್ದರು. ದೇವದೂತಸದೃಶ ಎಂಬರ್ಥದ 'ಆಂಜೆಲಿಕೊ' ಅವರ ಮರಣಾನಂತರ ರೂಢಿಗೆ ಬಂದ ಹೆಸರು. ಅವರು ಸೇರಿದ್ದು ಬೋಧಕರ ಸಭೆಯನ್ನು. ಧ್ಯಾನದಲ್ಲಿ ಪಡೆದುದನ್ನು ಪರರಿಗೆ ಹಂಚಬೇಕೆಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆಯಿಂದ ಆ ಸಭೆಗೆ ದೊರೆತ ಧ್ಯೇಯ. ಬೋಧಕನಾದವನು ಮೊದಲು ತನ್ನ ಶ್ರೋತೃ ಯಾರೆಂಬುದನ್ನು ಅರಿಯಬೇಕು. ಈ ವಿವೇಕವನ್ನು ಫ್ರಾ ಆಂಜೆಲಿಕೊ ಚಿತ್ರಕಲೆಯಲ್ಲಿ ಹೇಗೆ ಪಾಲಿಸಿದರು ಎಂಬುದಕ್ಕೆ ಫ್ಲಾರೆನ್ಸಿನ ಸಂತ ಮಾರ್ಕರ ಮಠವೇ ಸಾಕ್ಷಿ.

1436ರಲ್ಲಿ ಜಗದ್ಗುರು ನಾಲ್ಕನೆಯ ಯುಜೀನರು ಆ ಮಠವನ್ನು ಫಿಯೆಸೊಲೆಯ ದೊಮಿನಿಕರಿಗೆ ವಹಿಸಿದರು. ಸಾಹುಕಾರ ಕೋಸಿಮೊ ದೆ ಮೆದಿಚಿಯ ಧನಸಹಾಯದಿಂದ ಮಿಕೆಲೊತ್ಸೊ ಎಂಬ ವಾಸ್ತುಶಿಲ್ಪಿ ಅದನ್ನು ಪುನರ್ನಿರ್ಮಿಸಿದನು. ದೇವಾಲಯದ ಪ್ರಧಾನ ಬಲಿಪೀಠಕ್ಕಾಗಿ ಫ್ರಾ ಆಂಜೆಲಿಕೊ ರಚಿಸಿದ ಫಲಕಚಿತ್ರ ವೈಭವಯುತವಾಗಿದೆ. ಅಲ್ಲಿ ಮೆದಿಚಿ ಮನೆತನದ ಪಾಲಕರಾದ ಸಂತ ಕೋಸ್ಮ ಮತ್ತು ದಮಿಯಾನರು ಮಾತೆ ಮರಿಯಮ್ಮನವರ ಮುಂದೆ ಮೊಣಕಾಲೂರಿದ್ದಾರೆ. ಪೌರರು ನೆರೆಯುವ ದಿವ್ಯ ಬಲಿಪೂಜೆಗೆ ಅಂಥ ಸೊಬಗು ಉಚಿತವೇ ಆಗಿತ್ತು.

ಆದರೆ ಮಹಡಿಯ ಮೇಲಿನ ಸಂನ್ಯಾಸಿಗಳ ಕೋಣೆಗಳಲ್ಲಿ ಅವರೂ ಅವರ ಸಹಾಯಕರೂ ಬೇರೊಂದು ಭಾಷೆಯನ್ನೇ ಬಳಸಿದರು. ಮೆಟ್ಟಿಲು ಹತ್ತಿದೊಡನೆ ಎದುರಾಗುವ ಮಂಗಳವಾರ್ತೆಯ ಚಿತ್ರದಲ್ಲಿ ಉದ್ಯಾನವಿದೆ, ಕಂಬಗಳ ಸಾಲಿದೆ; ಅದರ ಮುಂದೆ ಹಾದುಹೋಗುವವನು 'ನಮೋ ಮರಿಯ' ಹೇಳಲು ಮರೆಯಬಾರದೆಂಬ ಲಿಖಿತ ಸೂಚನೆಯೂ ಇದೆ. ಮೂರನೆಯ ಕೋಣೆಯಲ್ಲಿ ಅದೇ ಘಟನೆ ಮರುಕಳಿಸುತ್ತದೆ; ಉದ್ಯಾನವಿಲ್ಲ, ಅಲಂಕಾರವಿಲ್ಲ. ಬರಿದಾದ ಕಮಾನು ಚಾವಣಿಯ ಕೆಳಗೆ ದೇವದೂತನು ನಿಂತಿದ್ದಾನೆ, ಕನ್ಯೆ ಮೊಣಕಾಲೂರಿದ್ದಾಳೆ, ಒಂದು ಬದಿಯಲ್ಲಿ ದೊಮಿನಿಕರ ಹುತಾತ್ಮ ಸಂತ ಪೇತ್ರರು ಕೈಜೋಡಿಸಿ ನೋಡುತ್ತಿದ್ದಾರೆ. ಅಲ್ಲಿ ವಾಸಿಸುವ ಸಂನ್ಯಾಸಿಯ ಕೋಣೆಯೂ ಅಷ್ಟೇ ಬರಿದು. ವಾರ್ತೆ ಬಂದದ್ದು ಇಂಥ ಕೋಣೆಗೇ ಎಂದು ಅವನು ಗ್ರಹಿಸಬೇಕು.

ಏಳನೆಯ ಕೋಣೆಯ ಚಿತ್ರ ಇನ್ನೂ ವಿಶಿಷ್ಟವಾದುದು. ಕಣ್ಣಿಗೆ ಬಟ್ಟೆ ಕಟ್ಟಲಾದ ಯೇಸುಸ್ವಾಮಿಯನ್ನು ಸೈನಿಕರು ಅಪಹಾಸ್ಯ ಮಾಡುವ ಪ್ರಸಂಗವದು. ಆದರೆ ಅಲ್ಲಿ ಸೈನಿಕರೇ ಇಲ್ಲ. ಹೊಡೆಯುವ ಕೈಗಳು ಮತ್ತು ಉಗುಳುವ ಒಂದು ಮುಖ ಮಾತ್ರ ತೇಲುತ್ತಿವೆ. ಕೆಳಗೆ ಕುಳಿತ ಸಂತ ದೊಮಿನಿಕರು ಕ್ರಿಸ್ತರತ್ತ ನೋಡದೆ ಗ್ರಂಥವನ್ನು ಓದುತ್ತಿದ್ದಾರೆ. ಮೇಲಿನ ದೃಶ್ಯ ಅವರ ಓದಿನಿಂದ ಮನಸ್ಸಿನಲ್ಲಿ ಮೂಡಿದ್ದೆಂದು ಅರ್ಥೈಸಬಹುದು. ಹಾಗಾದರೆ ಈ ಚಿತ್ರ ಶುಭಸಂದೇಶದ ಓದಿಗೆ ಬದಲಿಯಲ್ಲ. ಓದನ್ನು ಧ್ಯಾನವಾಗಿಸುವ ವಿಧಾನದ ಪಾಠ.

ಕೋಸಿಮೊ ತನಗಾಗಿ ಇರಿಸಿಕೊಂಡಿದ್ದ ಕೋಣೆಯಲ್ಲಿ ಮೂವರು ಜ್ಞಾನಿಗಳ ಆರಾಧನೆಯ ಚಿತ್ರವಿದೆ. ಸಿರಿವಂತನಿಗೆ ಪ್ರಿಯವಾದ ವಿಷಯವದು. ಆದರೆ ಅದೇ ಗೋಡೆಯ ಗೂಡಿನಲ್ಲಿ ಯಾತನಾಮಯ ಕ್ರಿಸ್ತರೂ ಇದ್ದಾರೆ. ಕಾಣಿಕೆ ತರುವವನು ಯಾರ ಮುಂದೆ ಬಾಗುತ್ತಿದ್ದಾನೆಂಬುದನ್ನು ಮರೆಯಲು ಆ ಗೋಡೆ ಬಿಡುವುದಿಲ್ಲ.

ಮುಂದೆ ಅವರು ರೋಮಿಗೆ ಕರೆಸಲ್ಪಟ್ಟು, ಜಗದ್ಗುರು ಐದನೆಯ ನಿಕೋಲಾಸರ ಖಾಸಗಿ ಪ್ರಾರ್ಥನಾಲಯದಲ್ಲಿ ಸಂತ ಸ್ತೇಫನ ಮತ್ತು ಲಾರೆನ್ಸರ ಜೀವನವನ್ನು ಚಿತ್ರಿಸಿದರು. 1450ರಿಂದ ಕೆಲಕಾಲ ಫಿಯೆಸೊಲೆಯ ಮಠಾಧಿಪತಿಯಾಗಿದ್ದು, 1455ರಲ್ಲಿ ರೋಮಿನಲ್ಲಿ ನಿಧನರಾದರು. ಎರಡನೆಯ ಜಾನ್ ಪೌಲರು 1982ರಲ್ಲಿ ಅವರಿಗೆ ಪುನೀತ ಪದವಿಯನ್ನು ನೀಡಿ, 1984ರಲ್ಲಿ ಅವರನ್ನು ಕಲಾವಿದರ ಪಾಲಕರೆಂದು ಘೋಷಿಸಿದರು.

ದೇವಾಲಯ ಕಟ್ಟಿಸುವ ಹೊಣೆ ನಮ್ಮ ಗುರುಗಳಲ್ಲಿ ಅನೇಕರಿಗೆ ಇಂದಲ್ಲ ನಾಳೆ ಬರುತ್ತದೆ. ಚಿತ್ರ ಎಷ್ಟು ಆಕರ್ಷಕ, ದಾನಿಗೆ ಒಪ್ಪಿಗೆಯೇ ಎಂಬ ಪ್ರಶ್ನೆಗಳು ಆಗ ತಾವಾಗಿಯೇ ಏಳುತ್ತವೆ. ಇದರ ಮುಂದೆ ಯಾರು ಮೊಣಕಾಲೂರುತ್ತಾರೆ, ಅವರ ಪ್ರಾರ್ಥನೆಗೆ ಯಾವುದು ಅಗತ್ಯ, ಯಾವುದು ಅಡ್ಡಿ ಎಂಬ ಪ್ರಶ್ನೆಯನ್ನು ಮಾತ್ರ ನಾವೇ ಕೇಳಿಕೊಳ್ಳಬೇಕು. ಬಲಿಪೀಠದ ಮೇಲೆ ಸೊಬಗನ್ನು ತುಂಬಿದ ಅದೇ ಕೈ ಸಂನ್ಯಾಸಿಯ ಕೋಣೆಯಲ್ಲಿ ಅದನ್ನು ಬಿಟ್ಟುಕೊಟ್ಟಿತು. ಈ ತ್ಯಾಗವೂ ಫ್ರಾ ಆಂಜೆಲಿಕೊ ಅವರ ಬೋಧನೆಯ ಭಾಗವೇ.